ಆಪ್ತ ಸಮಾಲೋಚನೆ ಶಿಕ್ಷಕರ ಹೆಚ್ಚುವರಿ ಹೊಣೆಯಾಗಬಾರದು

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಕೆಲವು ಪ್ರೌಢಶಾಲೆಗಳ ಸೂಚನಾ ಫಲಕಗಳಲ್ಲಿ ಕ್ರೀಡೆ, ಬಿಸಿಯೂಟ, ಗ್ರಂಥಾಲಯಗಳ ಉಸ್ತುವಾರಿಯ ಸಾಲಿಗೆ, ಮಕ್ಕಳ ಮನಸ್ಸಿನ ಸಂಕಟ ಕೇಳಿ ದಾರಿ ತೋರುವ ‘ಆಪ್ತ ಸಮಾಲೋಚನೆ’ ಎಂಬುದೂ ಸೇರಿಕೊಂಡಿದೆ. ಅದರ ಮುಂದೆ ಗಣಿತದ್ದೋ ಸಮಾಜ ವಿಜ್ಞಾನದ್ದೋ ಪಾಠ ಮಾಡುವ ಶಿಕ್ಷಕರೊಬ್ಬರ ಹೆಸರಿರುತ್ತದೆ. ತಪಾಸಣೆಗೆ ಬಂದವರು ಕೇಳಿದರೆ ತೋರಿಸಲು ಅಷ್ಟು ಸಾಕು. ಆದರೆ ಇದು ಹೆಸರು ಬರೆದು ಮುಗಿಸುವ ಕೆಲಸವಲ್ಲ. ತನ್ನದೇ ತರಬೇತಿ, ಕರ್ತವ್ಯ ಮತ್ತು ಮಿತಿಗಳುಳ್ಳ ವೃತ್ತಿ. ಅದನ್ನು ಪ್ರಭಾರದ ಪಟ್ಟಿಯಿಂದ ಹೊರತೆಗೆದು ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಪ್ರತ್ಯೇಕ ಹುದ್ದೆಯಾಗಿ ಕೊಡಬೇಕೆಂಬುದು ಈ ಪತ್ರದ ಉದ್ದೇಶ.

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯ ಸಾವಿಗೆ ಸಂಬಂಧಿಸಿ ಆಕೆಯ ತಂದೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜಕಾರ್ಯಕರ್ತರನ್ನಾದರೂ ನೇಮಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸುವುದನ್ನೂ ನ್ಯಾಯಾಲಯ ಬೇಡವೆಂದಿದೆ. ಬೀದರ್ ಮತ್ತು ಕಲಬುರಗಿಯ ವಸತಿಸಹಿತ ಕೋಚಿಂಗ್ ಬಲ್ಲವರಿಗೆ ಈ ಮಾತು ಎಲ್ಲಿ ತಾಗುತ್ತದೆಂದು ವಿವರಿಸಬೇಕಿಲ್ಲ. ಶಾಸನ ಬರುವವರೆಗೆ ಈ ಮಾರ್ಗಸೂಚಿಗಳೇ ಕಾನೂನು.

ಶಿಕ್ಷಕರೇ ಈ ಕೆಲಸ ಮಾಡಲಾರರೇ ಎಂಬ ಪ್ರಶ್ನೆ ಸಹಜ. ಮಕ್ಕಳ ಮೇಲೆ ಅಂತಃಕರಣವಿರುವ ಶಿಕ್ಷಕರು ನಮ್ಮಲ್ಲಿ ಧಾರಾಳವಾಗಿದ್ದಾರೆ, ಕೊರತೆ ಅಲ್ಲಿಲ್ಲ. ಆಂತರಿಕ ಮೌಲ್ಯಮಾಪನದ ಅಂಕ ಯಾರ ಕೈಯಲ್ಲಿದೆಯೋ, ಹಾಜರಾತಿ ಕಡಿಮೆಯಾದರೆ ಯಾರು ಪಾಲಕರನ್ನು ಕರೆಸುತ್ತಾರೋ, ಅವರ ಮುಂದೆಯೇ ಮಗು ತನ್ನ ಮನೆಯ ಸಂಕಟವನ್ನು ಬಿಚ್ಚಿಡಬೇಕೆಂದು ನಿರೀಕ್ಷಿಸುವುದು ಅಸಹಜ. ಅಮೆರಿಕದ ಶಾಲಾ ಸಮಾಲೋಚಕರ ರಾಷ್ಟ್ರೀಯ ಸಂಘವು 250 ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರಿರಬೇಕೆಂದೂ, ಅವರ ಸಮಯದ ಶೇ 80ರಷ್ಟಾದರೂ ವಿದ್ಯಾರ್ಥಿಗಳ ಸೇವೆಗೇ ಮೀಸಲಾಗಿರಬೇಕೆಂದೂ ಶಿಫಾರಸು ಮಾಡುತ್ತದೆ. ಗೈರಾದ ಶಿಕ್ಷಕರ ತರಗತಿ ನೋಡಿಕೊಳ್ಳುವುದು, ಶಿಸ್ತುಕ್ರಮ ಜರುಗಿಸುವುದು, ಪರೀಕ್ಷೆಯ ವ್ಯವಸ್ಥೆ ಮಾಡುವುದು ಸಮಾಲೋಚಕರ ಕೆಲಸವಲ್ಲವೆಂದೂ ಅದು ಹೇಳುತ್ತದೆ. ಆ ಅನುಪಾತ ನಮಗೆ ಸದ್ಯಕ್ಕೆ ದೂರದ ಮಾತಾಗಿದ್ದರೂ ಯಾವುದು ಅವರ ಕೆಲಸವಲ್ಲ ಎಂಬ ಪಟ್ಟಿಯನ್ನು ಒಪ್ಪಿಕೊಳ್ಳಲು ಹಣವೇನೂ ಬೇಕಾಗಿಲ್ಲ.

ಇನ್ನು, ನಮ್ಮ ಜಿಲ್ಲೆಗಳಲ್ಲಿ ಈ ಕೆಲಸ ಪರೀಕ್ಷಾ ಭಯದ ಮೇಲೊಂದು ಭಾಷಣದಿಂದ ಮುಗಿಯುವಂಥದ್ದಲ್ಲ. ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳ ತಾಂಡಾಗಳಿಂದ, ಹಳ್ಳಿಗಳಿಂದ ದುಡಿಯಲು ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಅಜ್ಜ-ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ವರ್ಷದ ನಡುವೆ ಶಾಲೆ ಬಿಟ್ಟು ಹೊರಡುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ದಾಖಲಾಗುವ ಹುಡುಗಿ ಹೊಲಕ್ಕೆ ಹೋಗಿರಬಹುದು, ತಮ್ಮನನ್ನು ನೋಡಿಕೊಳ್ಳುತ್ತಿರಬಹುದು, ಅಥವಾ ಮನೆಯಲ್ಲಿ ಆಕೆಯ ಮದುವೆಯ ಮಾತು ನಡೆದಿರಬಹುದು. ಈ ಮೂರಕ್ಕೂ ಪರಿಹಾರ ಒಂದೇ ಅಲ್ಲ. ಮೂರನೆಯದಕ್ಕೆ ಮಕ್ಕಳ ಸಹಾಯವಾಣಿ 1098 ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ತಿಳಿಸುವುದು ತುರ್ತು. ಯಾವ ಕಾರಣಕ್ಕೆ ಯಾರ ಬಾಗಿಲು ತಟ್ಟಬೇಕೆಂದು ತಿಳಿದು, ಮನೆಯವರೊಂದಿಗೆ ಕುಳಿತು ಮಾತನಾಡಿ, ಮಗು ಮತ್ತೆ ತರಗತಿಯಲ್ಲಿ ಕೂರುವವರೆಗೆ ಬೆನ್ನು ಹತ್ತುವುದು ಸಮಾಲೋಚಕರ ಹೊಣೆ. ಆ ಮಾತು ಮಗುವಿನ ಮನೆಮಾತಿನಲ್ಲೇ ನಡೆಯಬೇಕು. ಔರಾದ್, ಭಾಲ್ಕಿಯಲ್ಲಿ ಮರಾಠಿ, ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳ ಅನೇಕ ಓಣಿಗಳಲ್ಲಿ ದಖನಿ ಉರ್ದು ಆಡುವ ಮಕ್ಕಳಿದ್ದಾರೆ. ನೇಮಕಾತಿಯ ಷರತ್ತುಗಳಲ್ಲಿ ಭಾಷೆಗೆ ಸ್ಥಾನವಿರದಿದ್ದರೆ ಪದವಿ ಪ್ರಮಾಣಪತ್ರದಿಂದ ಉಪಯೋಗ ಅಷ್ಟಕ್ಕಷ್ಟೇ.

ಗೋಪ್ಯತೆಯ ವಿಷಯದಲ್ಲಿ ಎರಡೂ ಕಡೆ ಎಚ್ಚರ ಬೇಕು. ಮಗು ಹೇಳಿದ್ದು ಶಿಕ್ಷಕರ ಕೊಠಡಿಯ ಹರಟೆಗೆ ಬರಕೂಡದು. ಸಮಾಲೋಚಕರ ಟಿಪ್ಪಣಿಗಳು ಶಾಲೆಯ ಇತರ ದಾಖಲೆಗಳೊಂದಿಗೆ ಒಂದೇ ಬೀರುವಿನಲ್ಲಿ ಇರಕೂಡದು. ಆದರೆ ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಮಾತು ಕೊಡುವುದೂ ತಪ್ಪು. ಮಗುವಿನ ಜೀವಕ್ಕೆ ಅಪಾಯವಿದ್ದಾಗ ಪಾಲಕರಿಗೂ ವೈದ್ಯರಿಗೂ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ವರದಿ ಮಾಡಲೇಬೇಕು, ಮಾಡದಿರುವುದು ಶಿಕ್ಷಾರ್ಹ. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಇಂಥದ್ದನ್ನು ಒಳಗೊಳಗೇ ಮುಚ್ಚಿಹಾಕಲು ಯಾರಿಗೂ ಅಧಿಕಾರವಿಲ್ಲ. ಈ ಮಿತಿಗಳನ್ನು ಮಗುವಿಗೆ ಮೊದಲ ಭೇಟಿಯಲ್ಲೇ ಅರ್ಥವಾಗುವಂತೆ ಹೇಳಬೇಕು. ಶಾಲಾ ಸಮಾಲೋಚಕರು ಮನೋವೈದ್ಯರಲ್ಲ, ಔಷಧ ಬರೆಯುವವರಲ್ಲ; ಅಗತ್ಯವಿದ್ದವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರ ಬಳಿ ಕಳಿಸಬೇಕಾದವರು. ದೇಶಕ್ಕೆಲ್ಲ ಹರಡಿದ ಆ ಕಾರ್ಯಕ್ರಮಕ್ಕೆ 1980ರ ದಶಕದಲ್ಲಿ ನಿಮ್ಹಾನ್ಸ್ ಮಾದರಿ ರೂಪಿಸಿದ್ದು ನಮ್ಮದೇ ಬಳ್ಳಾರಿಯಲ್ಲಿ ಎಂಬುದನ್ನು ನಾವೇ ಮರೆತಿದ್ದೇವೆ.

ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿಯಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಎರಡೂ ವರ್ಷ ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ, ಶಾಲೆಗಳಿಗೆ ಬೇಸಿಗೆ ರಜೆ ಇದ್ದಾಗ. ಅನುತ್ತೀರ್ಣನಾದ ಹುಡುಗ ಅದನ್ನು ಮೊಬೈಲಿನಲ್ಲಿ ಒಬ್ಬನೇ ನೋಡುತ್ತಾನೆ. ಅಪ್ಪ-ಅಮ್ಮ ದೂರದ ಊರಿನ ಕಟ್ಟಡ ಕೆಲಸದಲ್ಲಿರುತ್ತಾರೆ. ಶಾಲೆಯ ಬಾಗಿಲಿಗೆ ಬೀಗ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಈಗ ಇದೆಯಾದರೂ ಅದನ್ನು ಬಳಸಿಕೊಳ್ಳಲು ಹೇಳುವವರು, ಪಿಯುಸಿ ವಿಜ್ಞಾನವಲ್ಲದೆ ಐಟಿಐ, ಡಿಪ್ಲೊಮಾ, ಕಲಾ ವಿಭಾಗಗಳೂ ಇವೆಯೆಂದು ಬಿಡಿಸಿ ತಿಳಿಸುವವರು ಆ ವಾರ ಊರಲ್ಲಿರಬೇಕಲ್ಲವೇ? ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ದೊರೆಯುತ್ತದೆ, ಅದನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಬೇಕು. ಆದರೂ ಪರಿಚಯದ ಮುಖಕ್ಕೆ ಅದು ಬದಲಿಯಾಗದು. ಸಮಾಲೋಚಕರ ರಜೆಯ ವೇಳಾಪಟ್ಟಿ ಶಿಕ್ಷಕರದ್ದಕ್ಕಿಂತ ಬೇರೆ ಇರಬೇಕೆನ್ನುವುದು ಈ ಕಾರಣಕ್ಕೆ.

ಹಣವಿಲ್ಲವೆಂಬ ಉತ್ತರ ಈ ಭಾಗಕ್ಕೆ ಒಪ್ಪುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಅಸ್ತಿತ್ವಕ್ಕೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಇದೆ. ಕೊಠಡಿ, ಕಂಪೌಂಡುಗಳಿಗೆ ಸಿಗುವ ಅನುದಾನದ ಒಂದು ಪಾಲು ಇದಕ್ಕೆ ಸಲ್ಲಲಿ. ಚಿಕ್ಕ ಶಾಲೆಗಳಿಗೆ ಕ್ಲಸ್ಟರಿಗೊಬ್ಬರಂತೆ (ಹತ್ತಿರದ ಶಾಲೆಗಳ ಗುಂಪಿಗೊಬ್ಬರಂತೆ), ವಾರದ ನಿಗದಿತ ದಿನಗಳಲ್ಲಿ ಬರುವ ಸಮಾಲೋಚಕರು ಸದ್ಯಕ್ಕೆ ಸಾಕು. ಗುಲಬರ್ಗಾ ವಿಶ್ವವಿದ್ಯಾಲಯ ಹಾಗೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಸ್ಥಳೀಯ ಯುವಜನರಿದ್ದಾರೆ. ಮಕ್ಕಳ ಸಮಾಲೋಚನೆಯಲ್ಲಿ ಹೆಚ್ಚಿನ ತರಬೇತಿ ಕೊಟ್ಟು ಅವರನ್ನೇ ತೆಗೆದುಕೊಳ್ಳಬಹುದು. ಆದರೆ ಅತಿಥಿ ಶಿಕ್ಷಕರಂತೆ ಹತ್ತು ತಿಂಗಳ ಗೌರವಧನದ ಲೆಕ್ಕದಲ್ಲಿ ಬೇಡ, ಏಕೆಂದರೆ ಎಂಟನೇ ತರಗತಿಯಲ್ಲಿ ನಂಬಿದವರನ್ನು ಮಗು ಹತ್ತನೇ ತರಗತಿಯಲ್ಲೂ ಹುಡುಕಿಕೊಂಡು ಬರುತ್ತದೆ.

ಮೊದಲ ಹೆಜ್ಜೆಯಾಗಿ, ಕಲಬುರಗಿಯಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಯು ವಿಭಾಗದಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳ ಪಟ್ಟಿಯನ್ನು, ಪ್ರತಿ ಶಾಲೆಯ ಸಮಾಲೋಚಕರ ವಿದ್ಯಾರ್ಹತೆ ಮತ್ತು ಅವರಿಗೆ ವಹಿಸಿರುವ ಇತರ ಕೆಲಸಗಳ ವಿವರದೊಂದಿಗೆ, ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮುಂಚೆ ಸಾರ್ವಜನಿಕರ ಮುಂದಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಶಹಾಪುರ, ಯಾದಗಿರಿ ಜಿಲ್ಲೆ