ತೆಪ್ಪದ ಪರವಾನಗಿಗೂ ಪೌತಿ ಬದಲಾವಣೆ ಬೇಕು

ಮಾನ್ಯ ಸಂಪಾದಕರೇ,

ಹೊಲದ ಯಜಮಾನ ತೀರಿಕೊಂಡರೆ ಪಹಣಿಯನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡಿಕೊಡಲು ನಮ್ಮಲ್ಲಿ ಪೌತಿ ಖಾತೆಯ ವ್ಯವಸ್ಥೆ ಇದೆ. ಸರ್ಕಾರಿ ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಅವನ ಕುಟುಂಬಕ್ಕೆ ಅನುಕಂಪದ ನೌಕರಿಯ ಅವಕಾಶವಿದೆ. ಆದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಬಲೆ ಬಿಟ್ಟು ಬದುಕುವ ಮನೆಯಲ್ಲಿ ಪರವಾನಗಿ ಹೊಂದಿದ ಗಂಡಸು ತೀರಿಕೊಂಡರೆ, ಅದೇ ತೆಪ್ಪದಲ್ಲಿ ಎದುರಿಗೆ ಕುಳಿತು ಹುಟ್ಟು ಹಾಕುತ್ತಿದ್ದ ಅವನ ಹೆಂಡತಿ ಮಾರನೆಯ ದಿನದಿಂದ ನೀರಿಗಿಳಿಯುವ ಹಕ್ಕಿಲ್ಲದವಳಾಗುತ್ತಾಳೆ. ಈ ಅನ್ಯಾಯವನ್ನು ಸರಿಪಡಿಸಲು ದೊಡ್ಡ ಖರ್ಚಾಗಲಿ ಹೊಸ ಇಲಾಖೆಯಾಗಲಿ ಬೇಕಿಲ್ಲ, ಅರ್ಜಿ ನಮೂನೆಯಲ್ಲಿ ಒಂದು ಕಲಂ ಮತ್ತು ನಿಯಮದಲ್ಲಿ ಎರಡು ಸಾಲು ಸೇರಿದರೆ ಸಾಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಲವು ವರ್ಷ ಒಂದು ಮೀನುಗಾರರ ಸಹಕಾರ ಸಂಘದ ಲೆಕ್ಕಪತ್ರ ನೋಡಿಕೊಂಡಿದ್ದವನು. ಈಗಲೂ ಊರಿನವರು ಪರವಾನಗಿಯ ಅರ್ಜಿ, ನವೀಕರಣದ ಚಲನ್, ಬ್ಯಾಂಕಿನ ಕಾಗದ ಎಲ್ಲವನ್ನೂ ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ಕಳೆದ ವರ್ಷ ಆಷಾಢದಲ್ಲಿ ಹೀಗೆ ಬಂದವರು ನಮ್ಮೂರಿನ ಒಬ್ಬ ಹೆಣ್ಣುಮಗಳು. ಗಂಡ ಎದೆನೋವಿನಿಂದ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಅಕ್ಕಿ ಡಬ್ಬದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದ ಪರವಾನಗಿಯನ್ನು ತೆಗೆದುಕೊಂಡು ಬಂದು, 'ಇದನ್ನ ನನ್ನ ಹೆಸರಿಗೆ ಮಾಡ್ಸಿಕೊಡಣ್ಣ' ಎಂದರು. ನಾನು ಅದನ್ನು ಬಿಡಿಸಿ ನೋಡಿದೆ. ಗಂಡನ ಹೆಸರು, ಗಂಡನ ಫೋಟೊ, ಗಂಡನ ವಿಳಾಸ. 'ಹದಿನೆಂಟು ವರ್ಷ ಹುಟ್ಟು ಹಾಕಿದವಳು ನಾನು, ಕಾಗದದಲ್ಲಿ ನಾನು ಎಲ್ಲೂ ಇಲ್ವಲ್ಲಣ್ಣ' ಎಂದು ಅವರು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ತೆಪ್ಪದ ಕೆಲಸ ಒಬ್ಬರಿಂದ ಆಗುವುದಲ್ಲ ಎಂಬುದು ದಡದಲ್ಲಿ ಅರ್ಧ ಗಂಟೆ ನಿಂತವರಿಗೂ ಗೊತ್ತಾಗುತ್ತದೆ. ಬಿದಿರಿನ ದುಂಡನೆಯ ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ, ಹುಟ್ಟು ಹಾಕುವ ಕೈ ಸ್ವಲ್ಪ ತಪ್ಪಿದರೂ ಅದು ನಿಂತಲ್ಲೇ ಸುತ್ತುತ್ತದೆ. ಸಂಜೆ ಬಲೆ ಬಿಡುವಾಗ ಒಬ್ಬರು ಒಂದೊಂದೇ ಮಡಿಕೆ ಬಿಚ್ಚಿ ನೀರಿಗೆ ಇಳಿಸುತ್ತಿದ್ದರೆ, ಇನ್ನೊಬ್ಬರು ಗಾಳಿಗೆ ಎದುರಾಗಿ ತೆಪ್ಪವನ್ನು ನೇರಕ್ಕೆ ಹಿಡಿಯಬೇಕು. ಬೆಳಗಿನ ಜಾವ ಬಲೆ ಎತ್ತುವಾಗಲೂ ಅಷ್ಟೇ. ನಮ್ಮ ಭಾಗದಲ್ಲಿ ಈ ಎರಡನೆಯ ಜಾಗದಲ್ಲಿ ಕೂರುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಮೀನು ಬಿಡಿಸುವುದು, ಹರಿದ ಬಲೆ ಹೆಣೆಯುವುದು, ಕಾಟ್ಲಾ, ರೋಹು, ಜಿಲೇಬಿ ಎಂದು ಬೇರೆ ಬೇರೆ ಮಾಡಿ ತೂಕಕ್ಕೆ ಕೊಡುವುದು ಕೂಡ ಅವರೇ. ಇಷ್ಟೆಲ್ಲ ಮಾಡಿಯೂ ಪರವಾನಗಿಯ ಲೆಕ್ಕದಲ್ಲಿ ಅವರು ಮೀನುಗಾರರಲ್ಲ, ಮೀನುಗಾರನ ಹೆಂಡತಿ ಮಾತ್ರ.

ಆ ಹೆಣ್ಣುಮಗಳನ್ನು ಕರೆದುಕೊಂಡು ನಾನು ಸಂಬಂಧಪಟ್ಟ ಕಚೇರಿಗೆ ಹೋದೆ. ಪರವಾನಗಿ ವ್ಯಕ್ತಿಗೆ ಕೊಟ್ಟದ್ದು, ಆತನ ಮರಣದೊಂದಿಗೆ ಅದು ಮುಗಿಯಿತು, ವರ್ಗಾವಣೆ ಎಂಬುದಿಲ್ಲ, ಹೊಸದಾಗಿ ಅರ್ಜಿ ಹಾಕಿಕೊಳ್ಳಿ ಎಂಬ ಉತ್ತರ ಬಂತು. ಉತ್ತರ ಕೊಟ್ಟವರು ಒರಟಾಗಿಯೇನೂ ಮಾತಾಡಲಿಲ್ಲ, ಅವರ ಮುಂದಿದ್ದ ಕಾಗದ ಹೇಳಿದ್ದನ್ನೇ ಹೇಳಿದರು. ಹೊಸ ಅರ್ಜಿಗೆ ಸಂಘದ ಸದಸ್ಯತ್ವ ಬೇಕು, ಸದಸ್ಯತ್ವವೂ ಗಂಡನ ಹೆಸರಿನಲ್ಲೇ ಇತ್ತು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ಮರಣ ಪ್ರಮಾಣಪತ್ರ ಬಂದ ಮೇಲೆ ನಾಡಕಚೇರಿಯಿಂದ ವಂಶವೃಕ್ಷ ಬೇಕು, ಇವೆಲ್ಲ ಸೇರಿದ ಮೇಲೆ ಆ ವರ್ಷದ ಹೊಸ ಪರವಾನಗಿಗಳ ಪಟ್ಟಿ ಮುಗಿದಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕು. ಒಂದೊಂದೂ ಬಿಡಿಯಾಗಿ ನೋಡಿದರೆ ನ್ಯಾಯವಾದ ಬೇಡಿಕೆಯೇ. ಆದರೆ ಎಲ್ಲವೂ ಒಂದರ ಹಿಂದೆ ಒಂದು ನಿಂತಾಗ ದಿನದ ಕೂಲಿಯ ಮೇಲೆ ಒಲೆ ಹಚ್ಚುವ ಮನೆ ಎಷ್ಟು ತಿಂಗಳು ತಾಳಿಕೊಂಡೀತು?

ತೆಪ್ಪ ಮಾತ್ರ ಅವರ ಮನೆಯ ಗೋಡೆಗೆ ಒರಗಿಕೊಂಡಿತ್ತು. ಎರಡು ತಿಂಗಳ ನಂತರ ನಾನು ಹೋಗಿ ನೋಡಿದಾಗ ತಳದ ಡಾಂಬರು ಬಿಸಿಲಿಗೆ ಬಿರುಕು ಬಿಟ್ಟಿತ್ತು, ನೆಲಕ್ಕೆ ತಾಗಿದ ಕಡೆ ಬಿದಿರಿನ ಅಂಚನ್ನು ಗೆದ್ದಲು ಹಿಡಿದಿತ್ತು, ತೆಪ್ಪದ ಮರೆಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅಟ್ಟದ ಮೇಲಿಟ್ಟ ನೈಲಾನ್ ಬಲೆಯನ್ನು ಇಲಿ ಕಡಿದಿತ್ತು. ಅದೇ ಹೊತ್ತಿಗೆ ಹಿಂದೆ ಮುಂಗಡ ಕೊಟ್ಟಿದ್ದ ಮೀನು ವ್ಯಾಪಾರಿ ಬಂದು, ತೆಪ್ಪ ಬಲೆ ಎರಡನ್ನೂ ಸಾಲಕ್ಕೆ ಬಿಟ್ಟುಕೊಡಿ, ಬೇರೆಯವರ ಹೆಸರಿನಲ್ಲಿ ಪರವಾನಗಿ ನಾನು ನೋಡಿಕೊಳ್ಳುತ್ತೇನೆ, ನೀವು ದಿನಗೂಲಿಗೆ ಹುಟ್ಟು ಹಾಕಲು ಬನ್ನಿ ಎಂದು ಹೇಳಿ ಹೋಗಿದ್ದ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಈ ಮಾತು. ಕಾಗದದ ವಿಳಂಬವೊಂದರಿಂದ, ಸ್ವಂತ ತೆಪ್ಪವಿದ್ದ ಮನೆ ಕೂಲಿಯ ಮನೆಯಾಗುವುದನ್ನು ನಾನು ಕಣ್ಣಾರೆ ಕಂಡೆ.

ಪರವಾನಗಿಯ ಕಟ್ಟುಪಾಡೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರಿ ನಿಂತ ಈ ನೀರು ನೋಡಲು ಕಡಲಿನಂತಿದ್ದರೂ ಅದಕ್ಕೊಂದು ಮಿತಿಯಿದೆ. 124.80 ಅಡಿ ತುಂಬಿದಾಗ 49.45 ಟಿಎಂಸಿ ಹಿಡಿಯುವ ಕಟ್ಟೆ 2023ರಲ್ಲಿ ತುಂಬಲೇ ಇಲ್ಲ, ಮರುವರ್ಷದ ಬೇಸಿಗೆಯಲ್ಲಿ ನೀರು ಎಷ್ಟೋ ಹಿಂದೆ ಸರಿದು ತೆಪ್ಪವನ್ನು ತಲೆಯ ಮೇಲೆ ಹೊತ್ತು ಕೆಸರು ದಾಟಬೇಕಾಯಿತು. ಅಂತಹ ವರ್ಷ ಎಷ್ಟು ಬೇಕಾದರೂ ಬಲೆ ಬೀಳಲು ಬಿಟ್ಟರೆ, ಸಣ್ಣ ಕಣ್ಣಿನ ಬಲೆಗೆ ಮರಿಗಳೂ ಸಿಕ್ಕಿ ಮುಂದಿನ ವರ್ಷದ ಮೀನೇ ಇಲ್ಲವಾಗುತ್ತದೆ. ಆದ್ದರಿಂದ ಸಂಖ್ಯೆಗೆ ಮಿತಿ ಇರಲಿ, ಬಲೆಯ ಕಣ್ಣಿಗೆ ಅಳತೆ ಇರಲಿ. ಪೌತಿ ಬದಲಾವಣೆಯಿಂದ ನೀರಿನ ಮೇಲಿನ ತೆಪ್ಪಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ, ಇದ್ದ ತೆಪ್ಪ ಇದ್ದ ಮನೆಯಲ್ಲೇ ಉಳಿಯುತ್ತದೆ.

ಹಾಗೆಂದು ವರ್ಗಾವಣೆ ಎಂದ ಮಾತ್ರಕ್ಕೆ ಮಾರಾಟಕ್ಕೂ ಬಾಗಿಲು ತೆರೆಯಬಾರದು. ಇದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಅಲಾಸ್ಕ ರಾಜ್ಯವು ಸಾಲ್ಮನ್ ಮೀನು ಹಿಡಿಯುವವರ ಸಂಖ್ಯೆಗೆ ಮಿತಿ ಹಾಕಲು 1973ರಲ್ಲಿ ಒಂದು ಕಾನೂನು ತಂದಿತು. ಅಲ್ಲಿ ಪರವಾನಗಿದಾರ ತೀರಿಕೊಂಡರೆ, ಆತ ಬೇರೆ ರೀತಿ ಬರೆದಿಡದಿದ್ದ ಪಕ್ಷದಲ್ಲಿ, ಪರವಾನಗಿ ನೇರವಾಗಿ ಬದುಕಿರುವ ಪತ್ನಿಗೆ ಅಥವಾ ಪತಿಗೆ ಸೇರುತ್ತದೆ. ಕಾಯಿಲೆ ಬಿದ್ದರೆ, ಕೈಕಾಲು ಊನವಾದರೆ, ಆ ಹಂಗಾಮಿನ ಮಟ್ಟಿಗೆ ಬೇರೆಯವರ ಹೆಸರಿಗೆ ತಾತ್ಕಾಲಿಕವಾಗಿ ವರ್ಗಾಯಿಸಲು ತುರ್ತು ವ್ಯವಸ್ಥೆಯೂ ಇದೆ. ಇವೆರಡೂ ನಮಗೆ ಬೇಕಾದವೇ. ಆದರೆ ಅದೇ ಕಾನೂನು ಪರವಾನಗಿಯನ್ನು ಹಣಕ್ಕೆ ಮಾರಲೂ ಬಿಟ್ಟಿತು. ಪರಿಣಾಮವಾಗಿ ಬ್ರಿಸ್ಟಲ್ ಕೊಲ್ಲಿಯಂತಹ ಕಡೆ ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಹಳ್ಳಿಗಳವರು ಕಷ್ಟಕಾಲದಲ್ಲಿ ಪರವಾನಗಿ ಮಾರಿಕೊಂಡರು, ಹೊರಗಿನವರ ಕೈಗೆ ಅವು ಸೇರಿದವು, ಮತ್ತೆ ಕೊಳ್ಳುವ ಶಕ್ತಿ ಆ ಹಳ್ಳಿಗಳ ಮಕ್ಕಳಿಗೆ ಬರಲಿಲ್ಲ. ನಮ್ಮ ವ್ಯಾಪಾರಿಯ ಮುಂಗಡದ ಪುಸ್ತಕ ನೋಡಿದವನಾಗಿ ಹೇಳುತ್ತೇನೆ, ಇಲ್ಲಿ ಮಾರಾಟಕ್ಕೆ ಬಿಟ್ಟರೆ ಹಿನ್ನೀರಿನ ಪರವಾನಗಿಗಳೆಲ್ಲ ಕೆಲವೇ ವರ್ಷಗಳಲ್ಲಿ ನಾಲ್ಕಾರು ಜನರ ಬೀರುವಿಗೆ ಹೋಗಿ ಬೀಳುತ್ತವೆ.

ಆದುದರಿಂದ ಕುಟುಂಬದೊಳಗೆ ಮಾತ್ರ ವರ್ಗಾವಣೆ, ಅದೂ ತೆಪ್ಪದಲ್ಲಿ ನಿಜವಾಗಿ ದುಡಿಯುವವರಿಗೆ ಮಾತ್ರ ಎಂಬ ಸ್ಪಷ್ಟ ನಿಯಮ ಬೇಕು. ಹೊಸ ಅರ್ಜಿ ಮತ್ತು ನವೀಕರಣ ಎರಡರಲ್ಲೂ ಜೊತೆಗೆ ದುಡಿಯುವವರ ಹೆಸರು, ಫೋಟೊ ಸೇರಿಸಿ, ಅವರನ್ನೇ ನಾಮನಿರ್ದೇಶಿತರೆಂದು ದಾಖಲಿಸಬೇಕು. ಇದೇನೂ ನಾವು ಕಂಡರಿಯದ ಪದ್ಧತಿಯಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಸದಸ್ಯ ತೀರಿಕೊಂಡರೆ ಅವನ ಷೇರು ನಾಮನಿರ್ದೇಶಿತರಿಗೆ ಹೋಗುವ ಏರ್ಪಾಡು ಇದೆ, ನಾನೇ ಎಷ್ಟೋ ಕುಟುಂಬಗಳ ಷೇರನ್ನು ಹಾಗೆ ಬರೆದುಕೊಟ್ಟಿದ್ದೇನೆ. ಸಂಘದ ನೂರಾರು ರೂಪಾಯಿಯ ಷೇರಿಗೆ ಇರುವ ರಕ್ಷಣೆ ಅನ್ನ ಕೊಡುವ ಪರವಾನಗಿಗೆ ಇರಬಾರದೇಕೆ? ಇನ್ನು ಮರಣ ನೋಂದಣಿಯ ಸ್ವೀಕೃತಿ ತೋರಿಸಿದ ದಿನವೇ ನಾಮನಿರ್ದೇಶಿತರಿಗೆ ತಾತ್ಕಾಲಿಕ ಪತ್ರವೊಂದನ್ನು ಕೊಟ್ಟರೆ, ವಂಶವೃಕ್ಷ ಮೊದಲಾದವು ಅವುಗಳ ಪಾಡಿಗೆ ಬರುವವರೆಗೂ ತೆಪ್ಪ ನೀರಿನ ಮೇಲಿರುತ್ತದೆ. ಪರವಾನಗಿದಾರ ಆಸ್ಪತ್ರೆ ಸೇರಿದಾಗಲೂ ಇದೇ ಪತ್ರ ಸಾಕಾಗುತ್ತದೆ.

ಹೆಸರು ದಾಖಲಾಗುವುದರಿಂದ ಇನ್ನೊಂದು ಪ್ರಯೋಜನವೂ ಇದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗಿರುವ ಅಪಘಾತ ವಿಮೆಯಲ್ಲಿ ಮರಣಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ. ತೆಪ್ಪ ಮಗುಚಿದರೆ ಇಬ್ಬರೂ ನೀರಿಗೆ ಬೀಳುತ್ತಾರೆ. ತಾನೂ ಮೀನುಗಾರಳೇ ಎಂದು ತೋರಿಸಲು ಒಂದು ತುಂಡು ಕಾಗದವಿಲ್ಲದ ಹೆಣ್ಣುಮಗಳು ಇಂತಹ ಯೋಜನೆಗಳ ಬಾಗಿಲಿಗೆ ಹೋಗುವುದಾದರೂ ಹೇಗೆ?

ಮೀನುಗಾರಿಕೆ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯಲ್ಲಿರುವ ವಿಷಯ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ನಮ್ಮದೇ ವಿಧಾನಮಂಡಲ ಮಾಡಿದ್ದು. ದೆಹಲಿಯ ಕಡೆ ನೋಡುತ್ತಾ ಕೂರಬೇಕಾದ ಪ್ರಮೇಯವಿಲ್ಲ. ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳ ಶಾಸಕರು ಕಾವೇರಿ ನೀರಿನ ವಿಷಯ ಬಂದಾಗ ಪಕ್ಷ ಮರೆತು ಒಂದಾಗಿ ನಿಂತಿದ್ದನ್ನು ಕಂಡಿದ್ದೇವೆ. ಆ ನೀರಿನ ಮೇಲೆಯೇ ಬದುಕು ಕಟ್ಟಿಕೊಂಡಿರುವ ಬೆಸ್ತರ, ಗಂಗಾಮತಸ್ಥರ ಈ ಸಣ್ಣ ಬೇಡಿಕೆಗೂ ಅವರು ಸದನದಲ್ಲಿ ದನಿಯಾಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಆ ಹೆಣ್ಣುಮಗಳಿಗೆ ಕೊನೆಗೂ ಈ ವರ್ಷ ತಮ್ಮದೇ ಹೆಸರಿನಲ್ಲಿ ಪರವಾನಗಿ ಬಂದಿದೆ. ತೆಪ್ಪಕ್ಕೆ ಹೊಸ ಅಂಚು ಕಟ್ಟಿಸಿ, ಡಾಂಬರು ಬಳಿಸಿ, ತಮ್ಮನನ್ನು ಜೊತೆಗೆ ಕೂರಿಸಿಕೊಂಡು ಬಲೆ ಬಿಡುತ್ತಿದ್ದಾರೆ. ವ್ಯಾಪಾರಿಯ ಸಾಲ ಇನ್ನೂ ತೀರಿಲ್ಲ. ಅವರ ಅರ್ಜಿಯನ್ನು ತುಂಬುವಾಗ, ನಾಮನಿರ್ದೇಶನಕ್ಕೆ ಕಲಂ ಇಲ್ಲದ್ದರಿಂದ, ಸಹಿಯ ಕೆಳಗಿನ ಖಾಲಿ ಜಾಗದಲ್ಲಿ 'ನನ್ನ ನಂತರ ನನ್ನ ಮಗಳಿಗೆ' ಎಂದು ಅವರೇ ಹೇಳಿ ಬರೆಸಿದರು. ಅದಕ್ಕೆ ಕಾನೂನಿನ ಬಲವಿಲ್ಲ ಎಂದು ನಾನು ಹೇಳಿದೆ. 'ಇರಲಿ ಬರಿಯಣ್ಣ, ಯಾರಾದರೂ ಓದ್ತಾರೆ' ಎಂದರು.

ಇತಿ ತಮ್ಮ ವಿಶ್ವಾಸಿ,
ಸಹಕಾರ ಸಂಘವೊಂದರ ನಿವೃತ್ತ ಲೆಕ್ಕಿಗ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ