ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟ: ಕನ್ನಡದಲ್ಲಿ ಪಟ್ಟಿ ಬೇಕು

ಮಾನ್ಯ ಸಂಪಾದಕರೇ,

ಎರಡು ವರ್ಷಗಳ ಹಿಂದೆ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ನಾನು ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಗ ನನ್ನ ತೂಕ 112 ಕಿಲೋ ಇತ್ತು. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಮೊದಲ ಮಹಡಿಯ ತರಗತಿಗೆ ಹತ್ತಿಹೋಗುವಷ್ಟರಲ್ಲಿ ಮಂಡಿ ಹಿಡಿದುಕೊಂಡು ಎರಡು ಕಡೆ ನಿಲ್ಲುತ್ತಿದ್ದೆ. ಇಂದು ನನ್ನ ತೂಕ 76 ಕಿಲೋ, ಇನ್ಸುಲಿನ್ ನಿಂತಿದೆ. ಶಸ್ತ್ರಚಿಕಿತ್ಸೆಯ ಬಗ್ಗೆಯಾಗಲಿ, ಅದನ್ನು ಮಾಡಿದ ವೈದ್ಯರ ಬಗ್ಗೆಯಾಗಲಿ ನನಗೆ ಯಾವ ದೂರೂ ಇಲ್ಲ. ಆದರೆ ಆಸ್ಪತ್ರೆಯ ಬಾಗಿಲು ದಾಟಿ ಮನೆಗೆ ಬಂದ ಮೇಲೆ ಏನು ಉಣ್ಣಬೇಕು, ಹೇಗೆ ಉಣ್ಣಬೇಕು ಎಂಬುದನ್ನು ನಮ್ಮ ಭಾಷೆಯಲ್ಲಿ, ನಮ್ಮ ಅಡುಗೆಯ ಹೆಸರುಗಳಲ್ಲಿ ಹೇಳಿಕೊಡುವ ವ್ಯವಸ್ಥೆ ಇಲ್ಲದ್ದರಿಂದ ನಾನು ಅನುಭವಿಸಿದ ಕಷ್ಟ ಬೇರೆಯವರಿಗೆ ಬಾರದಿರಲಿ ಎಂಬ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ.

ಡಿಸ್ಚಾರ್ಜ್ ಆದ ದಿನ ನನ್ನ ಕೈಗೆ ಎರಡು ಪುಟಗಳ ಇಂಗ್ಲಿಷ್ ಡಯಟ್ ಚಾರ್ಟ್ ಕೊಟ್ಟರು. ಅದರಲ್ಲಿ ಮಾಂಸದ ತಿಳಿ ಸೂಪು, ಸಕ್ಕರೆಯಿಲ್ಲದ ಜೆಲ್ಲಿ, ಗ್ರೀಕ್ ಯೋಗರ್ಟ್, ನುಣ್ಣಗೆ ಅರೆದ ಟರ್ಕಿ ಕೋಳಿಯ ಮಾಂಸ ಎಂದೆಲ್ಲ ಇತ್ತು. ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ನಮ್ಮ ಅಡುಗೆಮನೆಗೂ ಆ ಹಾಳೆಗೂ ಯಾವ ಸಂಬಂಧವೂ ಇರಲಿಲ್ಲ. ಆಹಾರತಜ್ಞೆ ಬಂದು ಹತ್ತು ನಿಮಿಷ ಪ್ರೀತಿಯಿಂದಲೇ ಮಾತನಾಡಿದರು. ನೋವು ಮತ್ತು ಔಷಧಿಯ ಮಂಪರಿನಲ್ಲಿ ಅದರಲ್ಲಿ ಅರ್ಧವೂ ನನ್ನ ತಲೆಗೆ ಹೋಗಲಿಲ್ಲ. ಮನೆಯಲ್ಲಿ ಅಡುಗೆ ಮಾಡುವ ನನ್ನ ಅತ್ತೆಯವರು ಕನ್ನಡ ಚೆನ್ನಾಗಿ ಓದುತ್ತಾರೆ. ಆ ಹಾಳೆ ಕನ್ನಡದಲ್ಲಿದ್ದಿದ್ದರೆ ಅವರೇ ಸಾಕಾಗಿತ್ತು.

ಈ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಅದರ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಸ್ಲೀವ್ ಎಂಬ ಇನ್ನೊಂದು ಬಗೆಯಲ್ಲಿ ಜಠರದ ಶೇ 75ರಿಂದ 80ರಷ್ಟನ್ನು ಕತ್ತರಿಸಿಯೇ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಆ ಭಾಗದಲ್ಲೇ ತಯಾರಾಗುವುದರಿಂದ ಹಸಿವೂ ಇಳಿಯುತ್ತದೆ. ಎರಡರಲ್ಲೂ ಒಳಗಿನ ಗಾಯ ಮಾಯಲು ವಾರಗಟ್ಟಲೆ ಬೇಕಾಗುವುದರಿಂದ, ಮೊದಲ ಎರಡು ವಾರ ಬರೀ ದ್ರವ, ಮುಂದಿನ ಎರಡು ವಾರ ರುಬ್ಬಿದ ಆಹಾರ, ಆಮೇಲೆ ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ ಎಂಬ ಕ್ರಮವನ್ನು ಸ್ವಲ್ಪ ಹೆಚ್ಚುಕಡಿಮೆ ಎಲ್ಲ ಕಡೆಯೂ ಅನುಸರಿಸುತ್ತಾರೆ. ಕ್ರಮವೇನೋ ಸರಿಯಾಗಿಯೇ ಇದೆ, ಕಷ್ಟ ಬರುವುದು ಅದನ್ನು ನಮ್ಮ ತಟ್ಟೆಗೆ ಹೊಂದಿಸುವಾಗ.

ಐದನೆಯ ವಾರ ನನಗೆ ‘ಮೆತ್ತಗಿನ ಆಹಾರ’ ಆರಂಭವಾಗಿತ್ತು. ನೋಡಲು ಬಂದಿದ್ದ ನಾದಿನಿ ಬಿಸಿ ಮುದ್ದೆ ತಿರುವಿ, ಬಸ್ಸಾರು ಮಾಡಿ, “ಅತ್ತಿಗೆ, ಮುದ್ದೆಗಿಂತ ಮೆತ್ತಗಿರೋದು ಇನ್ನೇನಿದೆ? ಒಂದೇ ಒಂದು ತುತ್ತು ನುಂಗಿ” ಎಂದಳು. ತಿಂಗಳಿಗೂ ಮೀರಿ ಸಪ್ಪೆ ನೀರು ಕುಡಿದಿದ್ದ ನನಗೂ ಆಸೆಯಾಯಿತು. ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಐವತ್ತು ವರ್ಷ ನುಂಗಿದಂತೆಯೇ ನುಂಗಿದೆ. ಆ ತುತ್ತು ಅರ್ಧ ನಿಂಬೆಹಣ್ಣಿನಷ್ಟೂ ಇರಲಿಲ್ಲ. ಎದೆಯ ಮೂಳೆಯ ಹಿಂದೆ ಯಾರೋ ಮುಷ್ಟಿ ಕಟ್ಟಿ ಒತ್ತಿ ಹಿಡಿದಂತಾಯಿತು, ಬಾಯಿ ತುಂಬ ಜೊಲ್ಲು ಕೂಡಿಕೊಂಡಿತು. ನೀರು ಕುಡಿದರೆ ಇಳಿಯುತ್ತದೆಂದು ಅತ್ತೆಯವರು ಚೊಂಬು ಕೊಟ್ಟರು. ಕುಡಿದ ಮೇಲೆ ನೋವು ಇಮ್ಮಡಿಯಾಯಿತು. ಮುಕ್ಕಾಲು ಗಂಟೆ ಬಚ್ಚಲುಮನೆಯ ಬಾಗಿಲು ಹಿಡಿದುಕೊಂಡು ನೊರೆ ಕಾರುತ್ತ ನಿಂತಿದ್ದೆ. ಕೊನೆಗೆ ಆ ತುತ್ತು ಹೋದ ಹಾಗೆಯೇ, ಗುಂಡಗೆ, ಹೊರಗೆ ಬಂತು. ನಾದಿನಿ ಗೋಡೆಗೊರಗಿ ಅಳುತ್ತಿದ್ದಳು.

ತಪ್ಪು ಅವಳದಲ್ಲ. ಮುದ್ದೆಯನ್ನು ಅಗಿದರೆ ಹಲ್ಲಿಗೆ ಅಂಟುತ್ತದೆ, ನುಂಗಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟು ಬೆಳೆಸುವವರು ನಾವು. ಈ ಶಸ್ತ್ರಚಿಕಿತ್ಸೆ ಆದವರಾದರೋ ಒಂದೊಂದು ಸಣ್ಣ ತುತ್ತನ್ನೂ ನೀರಾಗುವಂತೆ ಅಗಿದು, ಒಂದು ಬಟ್ಟಲು ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುವಂತೆ ತಿನ್ನಬೇಕು. ‘ಮೆತ್ತಗಿನ ಆಹಾರ’ ಎಂಬ ಎರಡು ಪದಗಳನ್ನು ಬರೆದವರಿಗೆ ಮುದ್ದೆಯ ನೆನಪೇ ಇರಲಿಲ್ಲ. ಊಟದ ಕೊನೆಯಲ್ಲಿ ಮಜ್ಜಿಗೆ ಕುಡಿಯುವ ನಮ್ಮ ರೂಢಿಯ ನೆನಪೂ ಇರಲಿಲ್ಲ. ಊಟದ ಜೊತೆ ಏನನ್ನೂ ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು ಎಂಬ ಸೂಚನೆಯನ್ನು ನಾವು ನೀರಿಗೆ ಮಾತ್ರ ಅನ್ವಯಿಸಿಕೊಂಡೆವು. ಮಜ್ಜಿಗೆಯೂ ಅದರಲ್ಲಿ ಸೇರಿದೆಯೆಂದು ತಿಳಿದದ್ದು ತಿಂಗಳುಗಳ ನಂತರ.

ಹಾಗೆಂದು ನಮ್ಮ ಅಡುಗೆಯಲ್ಲಿ ಕೊರತೆ ಏನೂ ಇಲ್ಲ. ಅದೇ ರಾಗಿಯನ್ನು ತೆಳ್ಳಗಿನ ಅಂಬಲಿ ಮಾಡಿ, ಸೋಸಿ, ಮಜ್ಜಿಗೆ ಬೆರೆಸಿ ಚಮಚದಲ್ಲಿ ಕುಡಿದರೆ ಎರಡನೆಯ ವಾರಕ್ಕೇ ಹಿಡಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹುರುಳಿಕಾಳಿನ ಕಟ್ಟು, ಹೆಸರುಬೇಳೆ ತೊವ್ವೆ, ಕೆನೆ ತೆಗೆದ ಹಾಲು, ಸೋಸಿ ಗಟ್ಟಿ ಮಾಡಿದ ಮೊಸರು, ಮೊಟ್ಟೆ, ಮುಳ್ಳು ತೆಗೆದ ಮೀನು ಎಲ್ಲವೂ ನಮ್ಮಲ್ಲೇ ಇವೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಸುಮಾರು ಅಷ್ಟೇ. ಆದ್ದರಿಂದ ತಟ್ಟೆಯ ಕ್ರಮವನ್ನೇ ತಿರುಗಿಸಬೇಕು: ಮೊದಲು ಬೇಳೆ ಅಥವಾ ಮೊಟ್ಟೆ, ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ಚಮಚ ಅನ್ನ. ಇಂದಿಗೂ ನಾನು ಉಣ್ಣುವುದು ಮೊಮ್ಮಗಳ ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ, ಗಡಿಯಾರ ಎದುರಿಗಿಟ್ಟುಕೊಂಡು.

ಸಿಹಿಯ ಪಾಠವನ್ನೂ ನಾನು ಪೆಟ್ಟು ತಿಂದೇ ಕಲಿತೆ. ಸಂಬಂಧಿಕರ ಗೃಹಪ್ರವೇಶದಲ್ಲಿ ಅರ್ಧ ಲೋಟ ಶಾವಿಗೆ ಪಾಯಸ ಕುಡಿದ ಕಾಲು ಗಂಟೆಗೆ ಎದೆ ಡವಗುಟ್ಟಿ, ಮೈಯೆಲ್ಲ ಬೆವೆತು, ಹೊಟ್ಟೆ ಹಿಂಡಿ, ನೆರೆದವರ ಮುಂದೆ ಚಾಪೆ ಹಾಸಿಸಿಕೊಂಡು ಮಲಗಬೇಕಾಯಿತು. ಹೃದಯಾಘಾತವೆಂದು ಹೆದರಿ ಕಾರು ತರಿಸಿದ್ದರು. ಸಕ್ಕರೆ ತುಂಬಿದ ಆಹಾರ ಪುಟ್ಟ ಚೀಲದಿಂದ ನೇರವಾಗಿ ಸಣ್ಣ ಕರುಳಿಗೆ ಧಾವಿಸಿ, ದೇಹದ ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುವುದೂ ಉಂಟು. “ನಿಮಗೋಸ್ಕರ ಮಾಡಿದ್ದು, ಒಂದು ಸೌಟು ಹಾಕಿಸಿಕೊಳ್ಳಿ” ಎಂಬ ಉಪಚಾರದ ಮುಂದೆ ಬೇಡವೆನ್ನಲು ನನಗೆ ಒಂದು ವರ್ಷ ಹಿಡಿಯಿತು.

ಎಲ್ಲಕ್ಕಿಂತ ಗಂಭೀರವಾದ ವಿಷಯವನ್ನು ಇನ್ನೂ ಹೇಳಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ದಿನವೂ ವಾಂತಿಯಾಗುತ್ತಿದ್ದರೆ ‘ಇದೆಲ್ಲ ಮಾಮೂಲಿ’ ಎಂದು ಸುಮ್ಮನಿರಬಾರದು. ಬಿ1 ಅಥವಾ ಥಯಮಿನ್ ಎಂಬ ಜೀವಸತ್ವದ ದಾಸ್ತಾನು ನಮ್ಮ ದೇಹದಲ್ಲಿ ಎರಡು ಮೂರು ವಾರಗಳಷ್ಟೇ ಇರುತ್ತದೆ. ಅದು ಮುಗಿದರೆ ಕಣ್ಣು ಮಂಜಾಗಿ ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ತಡವರಿಸಿ ಗೊಂದಲವಾಗುವುದು ಆರಂಭವಾಗಿ, ಚಿಕಿತ್ಸೆ ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ನಮ್ಮ ಊರುಗಳಲ್ಲಿ ಸುಸ್ತು ಎಂದ ಕೂಡಲೇ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರುತ್ತೇವೆ. ಥಯಮಿನ್ ಕೊರತೆ ಇರುವವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಸ್ಥಿತಿ ಮತ್ತಷ್ಟು ಬಿಗಡಾಯಿಸಬಹುದು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಮೊದಲು ಹೇಳಬೇಕಾದ ಮಾತು ‘ನನಗೆ ಹೊಟ್ಟೆಯ ಬೈಪಾಸ್ ಆಗಿದೆ’ ಅಥವಾ ‘ಸ್ಲೀವ್ ಆಗಿದೆ’ ಎಂಬುದು. ಇದನ್ನು ಚೀಟಿಯಲ್ಲಿ ಬರೆದು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆಯುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಂದ ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲೇ ಹುಣ್ಣಾಗುವ ಅಪಾಯವಿರುವುದರಿಂದ ಆ ಮಾತೂ ಅದೇ ಚೀಟಿಯಲ್ಲಿದೆ.

ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ12, ಡಿ ಜೀವಸತ್ವದ ಮಾತ್ರೆಗಳು ಜೀವನಪರ್ಯಂತ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು. ನಾಲ್ಕನೆಯ ತಿಂಗಳು ಬಾಚಣಿಗೆ ತುಂಬ ಕೂದಲು ಬಂದಾಗ ನಾನು ಅತ್ತಿದ್ದೆ. ವೇಗವಾಗಿ ತೂಕ ಇಳಿದವರಲ್ಲಿ ಇದು ಸಾಮಾನ್ಯ, ಸರಿಯಾಗಿ ಉಂಡರೆ ಮತ್ತೆ ಬೆಳೆಯುತ್ತದೆ ಎಂದು ಮೊದಲೇ ಒಂದು ಸಾಲು ಹೇಳಿದ್ದರೆ ಸಾಕಿತ್ತು. ನನಗೆ ಮತ್ತೆ ಬೆಳೆದಿದೆ.

2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಮೃತಪಟ್ಟ ದುರ್ದೈವದ ಸುದ್ದಿಯನ್ನು ಜನ ಮರೆತಿಲ್ಲ. ನಾನೂ ಅದನ್ನೇ ಮಾಡಿಸಿಕೊಂಡೆನೆಂದು ಭಾವಿಸಿ ‘ಅಂದಕ್ಕಾಗಿ ಪ್ರಾಣ ಪಣಕ್ಕಿಟ್ಟಳು’ ಎಂದವರಿದ್ದಾರೆ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದೇ ಬೇರೆ, ಜಠರವನ್ನು ಕಿರಿದು ಮಾಡುವ ಈ ಚಿಕಿತ್ಸೆಯೇ ಬೇರೆ. ಇಂಥ ಮಾತುಗಳಿಗೆ ಅಂಜಿ ಅನೇಕರು ಶಸ್ತ್ರಚಿಕಿತ್ಸೆಯನ್ನು ಗುಟ್ಟಾಗಿಡುತ್ತಾರೆ. ಗುಟ್ಟಾಗಿಟ್ಟವರು ಪಂಕ್ತಿಯಲ್ಲಿ ಎಲ್ಲರಂತೆ ಉಣ್ಣಲೇಬೇಕಾಗುತ್ತದೆ.

ಈ ಚಿಕಿತ್ಸೆ ಮಾಡುವ ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಊಟದ ಪಟ್ಟಿ ಕನ್ನಡದಲ್ಲಿರಲಿ, ಅದನ್ನು ಮುದ್ದೆ, ಜೋಳದ ರೊಟ್ಟಿ, ಕುಚ್ಚಲಕ್ಕಿ ಗಂಜಿ, ಇಡ್ಲಿ ಎಂದು ಆಯಾ ಸೀಮೆಯ ಊಟದ ಹೆಸರು ಹಿಡಿದು ಬರೆಯಲಿ. ಅದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಅಡುಗೆ ಮಾಡುವವರನ್ನು ಎದುರಿಗೆ ಕೂರಿಸಿಕೊಂಡು ವಿವರಿಸಲಿ. ಒಂದು, ಮೂರು, ಆರು, ಹನ್ನೆರಡನೆಯ ತಿಂಗಳಿನ ಆಹಾರತಜ್ಞರ ಭೇಟಿ ಮತ್ತು ರಕ್ತಪರೀಕ್ಷೆಗಳನ್ನು ಆರಂಭದ ವೆಚ್ಚದಲ್ಲೇ ಸೇರಿಸಲಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿಗದಿತ ಷರತ್ತುಗಳಿಗೆ ಒಳಪಟ್ಟು ಈ ಶಸ್ತ್ರಚಿಕಿತ್ಸೆಗೆ ವಿಮೆ ಸಿಗುವುದು ಸಾಧ್ಯವಾಯಿತು. ಆದರೆ ಸಾಮಾನ್ಯವಾಗಿ ಅರವತ್ತು ಅಥವಾ ತೊಂಬತ್ತು ದಿನಗಳ ನಂತರದ ಖರ್ಚು ರೋಗಿಯ ತಲೆಯ ಮೇಲೆಯೇ ಬೀಳುತ್ತದೆ. ಜೀವನಪರ್ಯಂತ ನಡೆಯಬೇಕಾದ ಆರೈಕೆಗೆ ಈ ಅವಧಿ ತೀರ ಕಡಿಮೆ.

ನನ್ನ ಬಳಕೆಗೆಂದು ಅಂಥ ಪಟ್ಟಿಯೊಂದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅದು ಒಬ್ಬ ರೋಗಿಯ ಅನುಭವ ಮಾತ್ರ, ತಿಳಿದವರು ತಿದ್ದಬೇಕು. ತಾವು ದಯವಿಟ್ಟು ಆಹಾರತಜ್ಞರೊಬ್ಬರಿಂದ ಸರಿಯಾದ ಪಟ್ಟಿ ಬರೆಸಿ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಪ್ರಕಟಿಸಬೇಕೆಂದೂ, ಮುದ್ದೆಯ ವಿಷಯ ಅದರಲ್ಲಿ ಮೊದಲು ಬರುವಂತೆ ನೋಡಿಕೊಳ್ಳಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶಾಲಾ ಶಿಕ್ಷಕಿ, ಮಂಡ್ಯ ಜಿಲ್ಲೆ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)