ಧಕ್ಕೆಗೆ ತಾಗುವ ಮುನ್ನದ ಹತ್ತು ಮೀಟರ್

ಮಾನ್ಯ ಸಂಪಾದಕರೇ,

ಪಣಂಬೂರಿನ ನವಮಂಗಳೂರು ಬಂದರು ನೆಲ ತೋಡಿ ನಿರ್ಮಿಸಿದ ಲಗೂನ್ ಮಾದರಿಯದ್ದು. ಕಚ್ಚಾತೈಲ ಹೊತ್ತ ಟ್ಯಾಂಕರುಗಳು ಹೂಳೆತ್ತಿದ ಕಾಲುವೆಯಲ್ಲೇ ಒಳಬಂದು, ಟಗ್‌ಗಳ (ಹಡಗನ್ನು ಎಳೆಯುವ, ತಳ್ಳುವ ಪುಟ್ಟ ದೋಣಿಗಳ) ನೆರವಿನಿಂದ ತಿರುಗಿ, ಇಂಚಿಂಚಾಗಿ ಧಕ್ಕೆಗೆ, ಅಂದರೆ ಹಡಗು ನಿಲ್ಲುವ ಕಟ್ಟೆಗೆ, ಒರಗಬೇಕು. ಇಲ್ಲಿ ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ.

ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ತಪ್ಪುವುದುಂಟು. ಊಟದ ಪಾರ್ಸೆಲ್ ತರುವವರಿಗೆ ಅಷ್ಟು ಸಾಕು, ಹಡಗನ್ನು ಬಂದರಿನೊಳಗೆ ನಡೆಸುವ ಪೈಲಟ್‌ಗೆ ಸಾಲದು. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2001ರ ನಿರ್ಣಯವು ಬಂದರಿನೊಳಗೆ 1 ಮೀಟರ್, ಸ್ವಯಂಚಾಲಿತವಾಗಿ ಧಕ್ಕೆ ಸೇರುವುದಕ್ಕೆ 0.1 ಮೀಟರ್ ನಿಖರತೆಯನ್ನು ಬಯಸುತ್ತದೆ. ತನ್ನ ಸ್ಥಾನವನ್ನು ಕರಾರುವಾಕ್ಕಾಗಿ ಬಲ್ಲ ದಡದ ರಿಸೀವರೊಂದು ಉಪಗ್ರಹ ಸಂಕೇತಗಳ ದೋಷವನ್ನು ಹಡಗಿಗೆ ತಿಳಿಸುತ್ತಿರುವ ಆರ್‌ಟಿಕೆ ವಿಧಾನದಿಂದ ಇದು ಸಾಧ್ಯ. ಪೈಲಟ್ ಚೀಲದಲ್ಲಿ ಒಯ್ಯುವ ಉಪಕರಣವು ಎರಡು ಆಂಟೆನಾಗಳ ಬಲದಿಂದ ಹಡಗಿನ ಮೂತಿ ಎಷ್ಟು ಸರಿಯುತ್ತಿದೆ, ಹಿಂಬದಿ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಧಕ್ಕೆಯ ಲೇಸರ್ ಮಾಪಕವೂ ಈ ಕೆಲಸ ಮಾಡೀತು, ಆದರೆ ಆಷಾಢದ ಜಡಿಮಳೆಯಲ್ಲಿ ಅದರ ಕಣ್ಣು ಮಂಜಾಗುತ್ತದೆ.

ಸರ್ವೆ ಆಫ್ ಇಂಡಿಯಾ ನಮ್ಮ ರಾಜ್ಯದಲ್ಲಿ ಸ್ಥಾಪಿಸಿರುವ ಕಾರ್ಸ್ (CORS) ಕೇಂದ್ರಗಳು, ಅಂದರೆ ಸದಾ ಉಪಗ್ರಹ ಸಂಕೇತ ಗ್ರಹಿಸುವ ಸ್ಥಿರ ರಿಸೀವರ್‌ಗಳು, ಇದೇ ತತ್ವದ ಮೇಲೆ ಜಮೀನಿನ ಗಡಿ ಅಳೆಯಲು ನೆರವಾಗುತ್ತವೆ. ಹೊಲದ ಬದುವಿಗೆ ದೊರೆತ ಈ ನಿಖರತೆ ಕಾರವಾರದಂಥ ಚಿಕ್ಕ ಬಂದರಿನ ಪೈಲಟ್‌ಗಳಿಗೂ ದೊರೆಯುವಂತೆ ಬಂದರು ಇಲಾಖೆ ಪರಿಶೀಲಿಸಬೇಕೆಂದು ಕೋರುತ್ತೇನೆ.

– ಓದುಗ, ಸುರತ್ಕಲ್